ಜಿಮ್ಮಿ ಜಾರ್ಜ್ (1955–1987): ಪೇರಾವೂರಿನ ಮನೆಯಂಗಳದಿಂದ ಮೊಂಟಿಕಿಯಾರಿಯವರೆಗೆ

ರೋಸಾ ಮಿಸ್ತಿಕಾ ಮಾತೆಯ ಭಕ್ತಿಯಿಂದಾಗಿ ಇಟಲಿಯ ಮೊಂಟಿಕಿಯಾರಿ ಎಂಬ ಊರಿನ ಹೆಸರನ್ನು ಕರಾವಳಿಯ ಕಥೋಲಿಕರಲ್ಲಿ ಅನೇಕರು ಕೇಳಿದ್ದಾರೆ. ಎದೆಯ ಮೇಲೆ ಮೂರು ಗುಲಾಬಿಗಳಿರುವ ಆ ಮಾತೆಯ ಪ್ರತಿಮೆ ನಮ್ಮ ಎಷ್ಟೋ ಮನೆಗಳ ಪೀಠದ ಮೇಲಿದೆ. ಅದೇ ಊರಿನಲ್ಲಿ ಒಂದು ದೊಡ್ಡ ಒಳಾಂಗಣ ಕ್ರೀಡಾಂಗಣವೂ ಇದೆ. ಅದರ ಹೆಸರು ‘ಪಾಲಾಜಾರ್ಜ್’. ಈ ಜಾರ್ಜ್ ಇಟಲಿಯವರಲ್ಲ. ನಮ್ಮ ಕೊಡಗಿನ ಗಡಿಯಾಚೆ, ಕಣ್ಣೂರು ಜಿಲ್ಲೆಯ ಪೇರಾವೂರಿನಲ್ಲಿ ಹುಟ್ಟಿ, ಕಥೋಲಿಕ ಕಾಲೇಜೊಂದರ ತಂಡದಿಂದ ಬೆಳಕಿಗೆ ಬಂದು, ಭಾರತದ ಸಾರ್ವಕಾಲಿಕ ಶ್ರೇಷ್ಠ ವಾಲಿಬಾಲ್ ಆಟಗಾರರಲ್ಲಿ ಒಬ್ಬರೆನಿಸಿಕೊಂಡ ಜಿಮ್ಮಿ ಜಾರ್ಜ್ ಅವರ ನೆನಪಿಗೆ ಇಟ್ಟ ಹೆಸರು ಅದು.

ನಮ್ಮ ಧರ್ಮಕೇಂದ್ರಗಳಲ್ಲಿ ವಾಲಿಬಾಲ್ ಹೊಸ ಸಂಗತಿಯೇನಲ್ಲ. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ, ಶಾಲೆಯ ಅಂಗಳದಲ್ಲಿ, ಚರ್ಚಿನ ಮೈದಾನದಲ್ಲಿ ಐಸಿವೈಎಂ ಘಟಕಗಳು ನಡೆಸುವ ಹೊನಲು ಬೆಳಕಿನ ಪಂದ್ಯಾಟಗಳನ್ನು ನೋಡದವರು ಕಡಿಮೆ. ನಾವು ಗುರುಮಠದಲ್ಲಿದ್ದಾಗ ಸಂಜೆಯ ಆಟದ ಗಂಟೆ ಬಾರಿಸಿತೆಂದರೆ ಪುಸ್ತಕ ಮುಚ್ಚಿ ನೆಟ್ ಕಟ್ಟಲು ಹೋಗಲೇಬೇಕಿತ್ತು. ಆದರೆ ಆಟಕ್ಕೂ ವಿಶ್ವಾಸಕ್ಕೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ಯುವಜನರು ಕೇಳಿದಾಗ ನಮ್ಮಲ್ಲಿ ಹೆಚ್ಚಿನವರ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಜಿಮ್ಮಿಯವರ ಬದುಕು ಆ ಉತ್ತರವನ್ನು ಮುಂದಕ್ಕೆ ಒಯ್ಯುತ್ತದೆ ಎಂಬ ಕಾರಣಕ್ಕೆ ಈ ಪರಿಚಯವನ್ನು ಇಲ್ಲಿ ಕೊಡುತ್ತಿದ್ದೇವೆ.

ಊರು ಮತ್ತು ಧರ್ಮಸಭೆ

ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಇರಿಟ್ಟಿ ಸಿಗುತ್ತದೆ. ಪೇರಾವೂರು ಅದೇ ಮಲೆನಾಡಿನ ಸೆರಗಿನಲ್ಲಿದೆ. ಇಪ್ಪತ್ತನೆಯ ಶತಮಾನದ ಮೊದಲಾರ್ಧದಲ್ಲಿ ತಿರುವಾಂಕೂರಿನ ಕಡೆಯಿಂದ ಸಾವಿರಾರು ಸಿರೋ ಮಲಬಾರ್ ಕಥೋಲಿಕ ಕುಟುಂಬಗಳು ಭೂಮಿಯನ್ನು ಹುಡುಕಿಕೊಂಡು ಮಲಬಾರಿನ ಬೆಟ್ಟಗಳಿಗೆ ಬಂದವು. ಕಾಡು, ಮಲೇರಿಯಾ, ಕಾಡುಪ್ರಾಣಿ, ರಸ್ತೆಯಿಲ್ಲದ ಊರು ಇವುಗಳೊಂದಿಗೆ ಸೆಣಸುತ್ತಲೇ ಆ ಜನ ತೋಟ ಮಾಡಿದರು, ಚರ್ಚ್ ಕಟ್ಟಿದರು, ಚರ್ಚಿನ ಪಕ್ಕದಲ್ಲೇ ಶಾಲೆ ಕಟ್ಟಿದರು.

ಈ ವಲಸೆಗಾರರ ಪಾಲನೆಗಾಗಿ 1953ರಲ್ಲಿ ತಲಶ್ಶೇರಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಮಾರ್ ಸೆಬಾಸ್ಟಿಯನ್ ವಳ್ಳೋಪಿಳ್ಳಿಯವರು ಅದರ ಮೊದಲ ಧರ್ಮಾಧ್ಯಕ್ಷರು. ನಮ್ಮ ಓದುಗರು ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ದಕ್ಷಿಣ ಕನ್ನಡ ಮತ್ತು ಕೊಡಗಿನಲ್ಲಿ ನೆಲೆಸಿದ ಸಿರೋ ಮಲಬಾರ್ ವಿಶ್ವಾಸಿಗಳೂ 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯ ರಚನೆಯಾಗುವವರೆಗೆ ಇದೇ ತಲಶ್ಶೇರಿಗೆ ಸೇರಿದ್ದರು. ಅಂದರೆ ಬೆಳ್ತಂಗಡಿ ಕಡೆಯ ಹಿರಿಯ ಕುಟುಂಬಗಳಿಗೆ ಜಿಮ್ಮಿ ಹೊರಗಿನವರಲ್ಲ. ಅವರದೇ ಧರ್ಮಪ್ರಾಂತ್ಯದ ಹುಡುಗ.

1955ರ ಮಾರ್ಚ್ 8ರಂದು ಜಿಮ್ಮಿ ಹುಟ್ಟಿದಾಗ ಈ ಧರ್ಮಪ್ರಾಂತ್ಯಕ್ಕೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಎರಡೂ ಜೊತೆಯಾಗಿಯೇ ಬೆಳೆದವು.

ಮನೆಯೇ ಮೊದಲ ಅಂಗಣ

ತಂದೆ ಜಾರ್ಜ್ ಜೋಸೆಫ್, ತಾಯಿ ಮೇರಿ. ಜಿಮ್ಮಿ ಅವರ ಎರಡನೆಯ ಮಗ. ತಂದೆ ಸ್ವತಃ ವಿಶ್ವವಿದ್ಯಾನಿಲಯ ಮಟ್ಟದಲ್ಲಿ ವಾಲಿಬಾಲ್ ಆಡಿದವರು. ಮಕ್ಕಳಿಗೆ ಮೊದಲ ತರಬೇತುದಾರರೂ ಅವರೇ. ಮನೆಯಲ್ಲಿ ಎಂಟು ಮಂದಿ ಗಂಡುಮಕ್ಕಳು. ಎಂಟೂ ಮಂದಿ ವಾಲಿಬಾಲ್ ಆಡಿದರು. ವಾಲಿಬಾಲ್ ತಂಡಕ್ಕೆ ಅಂಗಣದಲ್ಲಿ ಬೇಕಾಗುವುದು ಆರು ಜನ. ಈ ಒಂದೇ ಮನೆಯಿಂದ ಪೂರ್ತಿ ತಂಡವೂ ಆಗಿ, ಇಬ್ಬರು ಬದಲಿ ಆಟಗಾರರೂ ಉಳಿಯುತ್ತಿದ್ದರು. ಎಂಟು ಸಹೋದರರು ಒಂದೇ ತಂಡವಾಗಿ ಪಂದ್ಯಾಟಕ್ಕೆ ಇಳಿದದ್ದೂ ಉಂಟು. ಅಣ್ಣ ಜೋಸ್ ಜಾರ್ಜ್ ಸಹ ಹೆಸರಾಂತ ಆಟಗಾರರಾಗಿ, ಮುಂದೆ ಪೊಲೀಸ್ ಇಲಾಖೆಯಲ್ಲಿ ಹಿರಿಯ ಅಧಿಕಾರಿಯಾದರು.

ಕಿರಿಯ ಸಹೋದರರಲ್ಲಿ ಒಬ್ಬರಾದ ರಾಬರ್ಟ್ ಬಾಬಿ ಜಾರ್ಜ್ ಟ್ರಿಪಲ್ ಜಂಪ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಅವರ ಪತ್ನಿಯೇ ಅಂಜು ಬಾಬಿ ಜಾರ್ಜ್. ಪತಿಯ ತರಬೇತಿಯಲ್ಲಿ ಅಂಜು 2003ರಲ್ಲಿ ಪ್ಯಾರಿಸ್‌ನ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್‌ನ ಲಾಂಗ್ ಜಂಪ್‌ನಲ್ಲಿ 6.70 ಮೀಟರ್ ಜಿಗಿದು ಕಂಚು ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಮುಂದಿನ ವರ್ಷ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅವರು ಜಿಗಿದದ್ದು 6.83 ಮೀಟರ್. ಈ ದಂಪತಿ ನಂತರ ಬೆಂಗಳೂರನ್ನು ಕೇಂದ್ರವಾಗಿ ಮಾಡಿಕೊಂಡು ಎಳೆಯ ಕ್ರೀಡಾಪಟುಗಳನ್ನು ತಯಾರುಮಾಡುತ್ತಾ ಬಂದಿದ್ದಾರೆ. 2021ರಲ್ಲಿ ನೈರೋಬಿಯ ಇಪ್ಪತ್ತು ವರ್ಷದೊಳಗಿನವರ ವಿಶ್ವಕೂಟದಲ್ಲಿ ಬೆಳ್ಳಿ ಗೆದ್ದ ಶೈಲಿ ಸಿಂಗ್ ಅವರ ಗರಡಿಯವರು. ಪೇರಾವೂರಿನ ತಂದೆಯೊಬ್ಬರು ಮಕ್ಕಳಿಗೆ ಆಟ ಕಲಿಸಿದ್ದು ಎಷ್ಟು ದೂರ ಹೋಯಿತು ನೋಡಿ.

ಕುಟುಂಬವನ್ನು ‘ಮನೆಯ ಧರ್ಮಸಭೆ’ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ ಕರೆಯಿತು. ಮಕ್ಕಳಿಗೆ ವಿಶ್ವಾಸವನ್ನು ಮೊದಲು ಕಲಿಸುವವರು ತಂದೆತಾಯಿ ಎಂಬುದು ಆ ಮಾತಿನ ತಿರುಳು. ಜಿಮ್ಮಿಯ ಮನೆಯನ್ನು ನೋಡಿದಾಗ ಆಟಕ್ಕೂ ಅದೇ ಮಾತು ಅನ್ವಯಿಸುತ್ತದೆ ಎನಿಸುತ್ತದೆ. ಸೋಲನ್ನು ತಮ್ಮನ ಮೇಲೆ ಹೊರಿಸಬಾರದು, ಅಣ್ಣನ ಕೈಗೆ ಚೆಂಡನ್ನು ಸರಿಯಾಗಿ ಎತ್ತಿಕೊಡಬೇಕು, ಮುನಿಸಿಕೊಂಡರೂ ಊಟಕ್ಕೆ ಒಟ್ಟಿಗೆ ಕೂರಬೇಕು. ದೊಡ್ಡ ಕುಟುಂಬದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೇವಗಿರಿಯ ಕಾಲೇಜು ದಿನಗಳು

ಕಲ್ಲಿಕೋಟೆಯ ದೇವಗಿರಿಯಲ್ಲಿರುವ ಸಂತ ಜೋಸೆಫರ ಕಾಲೇಜು 1956ರಲ್ಲಿ ಸಿಎಂಐ ಗುರುಗಳಿಂದ ಆರಂಭವಾದ ಸಂಸ್ಥೆ. ಬೆಂಗಳೂರಿನ ಕ್ರೈಸ್ಟ್ ಕಾಲೇಜನ್ನು 1969ರಲ್ಲಿ ತೆರೆದವರೂ ಇದೇ ಸಭೆಯವರು. ಜಿಮ್ಮಿಯ ಆಟ ಅರಳಿದ್ದು ದೇವಗಿರಿಯಲ್ಲಿ.

1971ರಲ್ಲಿ, ಹದಿನಾರನೆಯ ವಯಸ್ಸಿಗೇ, ಅವರು ಕೇರಳ ರಾಜ್ಯ ತಂಡಕ್ಕೆ ಆಯ್ಕೆಯಾದರು. 1973ರಿಂದ 1976ರವರೆಗೆ ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ತಂಡದಲ್ಲಿ ಆಡಿದರು. ಆ ನಾಲ್ಕೂ ವರ್ಷ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಪ್ರಶಸ್ತಿ ಆ ತಂಡದ ಪಾಲಾಯಿತು. 1976ರಲ್ಲಿ ತಂಡದ ನಾಯಕತ್ವವೂ ಅವರದೇ. 1968ರಲ್ಲಷ್ಟೇ ಸ್ಥಾಪನೆಯಾಗಿದ್ದ ವಿಶ್ವವಿದ್ಯಾನಿಲಯವೊಂದು ಹಳೆಯ, ದೊಡ್ಡ ವಿಶ್ವವಿದ್ಯಾನಿಲಯಗಳನ್ನು ಸಾಲಾಗಿ ಮಣಿಸಿದ್ದು ಆಗ ದೊಡ್ಡ ಸುದ್ದಿಯೇ ಆಗಿತ್ತು.

ಇಲ್ಲಿ ಒಂದು ಹಳೆಯ ನಿರ್ಧಾರವನ್ನು ನೆನೆಯಬೇಕು. ಸಿಎಂಐ ಸಭೆಯ ಸ್ಥಾಪಕರಲ್ಲಿ ಒಬ್ಬರಾದ ಸಂತ ಕುರಿಯಾಕೋಸ್ ಎಲಿಯಾಸ್ ಚಾವರ ಅವರು 1864ರಲ್ಲಿ, ಸುರಿಯಾನಿ ಕಥೋಲಿಕರ ವಿಕಾರ್ ಜನರಲ್ ಆಗಿದ್ದಾಗ, ಪ್ರತಿ ಚರ್ಚಿನ ಜೊತೆಗೂ ಒಂದು ಶಾಲೆ ಇರಲೇಬೇಕೆಂದು ಆದೇಶಿಸಿದರು. 2014ರಲ್ಲಿ ಅವರನ್ನು ಸಂತರೆಂದು ಘೋಷಿಸಿದಾಗಲೂ ಜನ ಹೆಚ್ಚಾಗಿ ನೆನೆದದ್ದು ಈ ಶಿಕ್ಷಣ ಸೇವೆಯನ್ನೇ. ಶಾಲೆ ಬಂದಲ್ಲಿ ಅಂಗಳ ಬಂತು. ಅಂಗಳ ಬಂದಲ್ಲಿ ಮಕ್ಕಳ ಆಟ ಬಂತು. ನಮ್ಮ ಕರಾವಳಿಯಲ್ಲೂ 1880ರಲ್ಲಿ ಯೇಸುಸಭೆಯವರು ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದಂದಿನಿಂದ ಇದೇ ಕತೆ. ಧರ್ಮಸಭೆ ಕ್ರೀಡೆಗೆ ಮಾಡಿದ ದೊಡ್ಡ ಸೇವೆ ಯಾವುದೆಂದು ಕೇಳಿದರೆ ಟ್ರೋಫಿಗಳಿಗಿಂತ ಮೊದಲು ಈ ಅಂಗಳಗಳ ಹೆಸರನ್ನೇ ಹೇಳಬೇಕು.

ರಾಷ್ಟ್ರ ತಂಡದಲ್ಲಿ

ಕಾಲೇಜು ಹುಡುಗನಾಗಿದ್ದಾಗಲೇ ಜಿಮ್ಮಿ 1974ರ ಟೆಹರಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಪರ ಆಡಿದರು. 1975ರಲ್ಲಿ ಕೇರಳದ ಜಿ.ವಿ. ರಾಜಾ ಪ್ರಶಸ್ತಿ ಬಂತು. 1976ರಲ್ಲಿ, 21ನೆಯ ವಯಸ್ಸಿನಲ್ಲಿ, ಅರ್ಜುನ ಪ್ರಶಸ್ತಿ ಬಂತು. ಅಷ್ಟು ಚಿಕ್ಕ ವಯಸ್ಸಿಗೆ ಅದುವರೆಗೆ ಯಾವ ವಾಲಿಬಾಲ್ ಆಟಗಾರರಿಗೂ ಆ ಗೌರವ ಸಿಕ್ಕಿರಲಿಲ್ಲ. ಮುಂದೆ ಕೇರಳ ಪೊಲೀಸ್ ತಂಡ, 1978ರಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟ. 1985ರಲ್ಲಿ ಸೌದಿ ಅರೇಬಿಯಾಕ್ಕೆ ಹೋದ ಭಾರತ ತಂಡಕ್ಕೂ, 1986ರಲ್ಲಿ ಹೈದರಾಬಾದಿನ ಇಂಡಿಯಾ ಗೋಲ್ಡ್ ಕಪ್ ಪಂದ್ಯಾಟಕ್ಕೂ ಅವರೇ ನಾಯಕರು.

ಅದೇ ವರ್ಷ ಸೋಲ್‌ನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಕಂಚಿನ ಪದಕ ಗೆದ್ದಿತು. ವಾಲಿಬಾಲ್‌ನಲ್ಲಿ ಪ್ರಬಲವಾದ ಜಪಾನ್ ಆ ಸಲ ನಮ್ಮ ಹಿಂದೆ ಉಳಿಯಿತು. ಏಷ್ಯನ್ ಕ್ರೀಡಾಕೂಟದ ವಾಲಿಬಾಲ್‌ನಲ್ಲಿ ಭಾರತಕ್ಕೆ 1958ರಲ್ಲಿ ಕಂಚು, 1962ರಲ್ಲಿ ಬೆಳ್ಳಿ ಬಂದಿತ್ತು. ಸೋಲ್‌ನ ಕಂಚು ಮೂರನೆಯದು. ಅದರ ನಂತರದ ಏಷ್ಯನ್ ಕೂಟಗಳಲ್ಲಿ, 2023ರಲ್ಲಿ ನಡೆದ ಹಾಂಗ್‌ಝೌ ಕೂಟವೂ ಸೇರಿದಂತೆ, ನಮ್ಮ ಪುರುಷರ ತಂಡಕ್ಕೆ ಮತ್ತೊಂದು ಪದಕ ಸಿಕ್ಕಿಲ್ಲ.

ಜಿಮ್ಮಿಯ ಆಟವನ್ನು ಕಂಡವರು ಮೊದಲು ಹೇಳುವುದು ಅವರ ಜಿಗಿತದ ಬಗ್ಗೆ. ಪುರುಷರ ನೆಟ್ ನೆಲದಿಂದ 2.43 ಮೀಟರ್ ಎತ್ತರದಲ್ಲಿರುತ್ತದೆ. ಜಿಗಿದ ಮೇಲೆ ಕ್ಷಣಕಾಲ ಗಾಳಿಯಲ್ಲೇ ನಿಂತಂತೆ ಕಂಡು, ಎದುರಿನ ಬ್ಲಾಕ್ ಇಳಿಯಲು ಶುರುವಾದಾಗ ಸ್ಮ್ಯಾಷ್ ಮಾಡುವುದು ಅವರ ವೈಖರಿ. ಆ ಕಾಲದ ಲೆಕ್ಕವೂ ಇಂದಿನಂತಿರಲಿಲ್ಲ. 1990ರ ದಶಕದ ಕೊನೆಯವರೆಗೆ ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ ಅಂಕ ಸಿಗುತ್ತಿತ್ತು. ಹದಿನೈದು ಅಂಕದ ಒಂದು ಸೆಟ್ ಗಂಟೆಯ ಹತ್ತಿರ ಎಳೆದರೂ ಆಶ್ಚರ್ಯವಿರಲಿಲ್ಲ. ಜಿಗಿತದಷ್ಟೇ ತಾಳ್ಮೆಯೂ ಬೇಕಾಗಿದ್ದ ಆಟ ಅದು.

ಗಲ್ಫಿನಿಂದ ಇಟಲಿಗೆ

1979ರಲ್ಲಿ ಜಿಮ್ಮಿ ಅಬುಧಾಬಿ ಸ್ಪೋರ್ಟ್ಸ್ ಕ್ಲಬ್ ಸೇರಿದರು. ಗಲ್ಫ್ ನಾಡಿನಲ್ಲಿ ದುಡಿಯುವುದು ನಮ್ಮ ಕರಾವಳಿಯ ಮನೆಗಳಿಗೆ ಎಷ್ಟು ಪರಿಚಿತವೋ ಮಲಬಾರಿನ ಮನೆಗಳಿಗೂ ಅಷ್ಟೇ. ವ್ಯತ್ಯಾಸವೆಂದರೆ ಇವರು ಹೋದದ್ದು ಆಟದ ಬಲದಿಂದ.

1982ರಲ್ಲಿ ಅವರು ಇಟಲಿಗೆ ಹೋದರು. ಅಲ್ಲಿನ ಲೀಗ್‌ನಲ್ಲಿ ವೃತ್ತಿಪರನಾಗಿ ಆಡಿದ ಮೊದಲ ಭಾರತೀಯ ವಾಲಿಬಾಲ್ ಆಟಗಾರ ಅವರೇ. ಅದು ಸಾಮಾನ್ಯ ಲೀಗ್ ಆಗಿರಲಿಲ್ಲ. ಬೇರೆ ಬೇರೆ ದೇಶಗಳ ಉತ್ತಮ ಆಟಗಾರರು ಬಂದು ಸೇರುತ್ತಿದ್ದ ಜಾಗ ಅದು. ಆ ನೆಲದಿಂದಲೇ ಎದ್ದುಬಂದ ಇಟಲಿಯ ರಾಷ್ಟ್ರ ತಂಡ 1990, 1994, 1998ರಲ್ಲಿ ಸತತ ಮೂರು ಬಾರಿ ವಿಶ್ವ ಚಾಂಪಿಯನ್ ಆಯಿತು. ಅಂಥ ಕಡೆ ಪೇರಾವೂರಿನವರೊಬ್ಬರು ಜನರ ಅಚ್ಚುಮೆಚ್ಚಿನ ಆಟಗಾರರಾದರು. ಕೊನೆಯ ವರ್ಷಗಳಲ್ಲಿ ಅವರು ಆಡಿದ್ದು ಬ್ರೆಶಾ ಪ್ರಾಂತ್ಯದ ಮೊಂಟಿಕಿಯಾರಿಯ ತಂಡಕ್ಕೆ.

ಬ್ರೆಶಾ ನಮಗೆ ಇನ್ನೊಂದು ಕಾರಣಕ್ಕೂ ಗೊತ್ತಿರಬೇಕು. ಪೋಪ್ ಸಂತ ಆರನೆಯ ಪೌಲರು ಹುಟ್ಟಿದ ಕೊನ್ಚೇಸಿಯೊ ಇರುವುದು ಅದೇ ಬ್ರೆಶಾ ಧರ್ಮಪ್ರಾಂತ್ಯದಲ್ಲಿ. ಮೊಂಟಿಕಿಯಾರಿಯ ಆಸ್ಪತ್ರೆಯಲ್ಲಿ ಕೆಲಸಮಾಡುತ್ತಿದ್ದ ಪಿಯೆರಿನಾ ಜಿಲ್ಲಿಯವರು 1947ರಲ್ಲಿ ಮಾತೆ ಮರಿಯಮ್ಮನವರ ದರ್ಶನವಾಯಿತೆಂದು ಹೇಳಿದಂದಿನಿಂದ ರೋಸಾ ಮಿಸ್ತಿಕಾ ಭಕ್ತಿ ಅಲ್ಲಿಂದ ಜಗತ್ತಿಗೆ ಹರಡಿತು. ಬಹುಕಾಲ ಧರ್ಮಸಭೆಯ ಅಧಿಕಾರಿಗಳು ಈ ಬಗ್ಗೆ ಎಚ್ಚರಿಕೆಯಿಂದ ನಡೆದುಕೊಂಡರು. 2024ರ ಜುಲೈಯಲ್ಲಿ ವ್ಯಾಟಿಕನ್ನಿನ ವಿಶ್ವಾಸ ಬೋಧನಾ ವಿಭಾಗವು ಆ ಆಧ್ಯಾತ್ಮಿಕತೆಯಲ್ಲಿ ಧರ್ಮಸಭೆಯ ಬೋಧನೆಗೆ ನೇರ ವಿರುದ್ಧವಾದದ್ದು ಇಲ್ಲವೆಂದು ತಿಳಿಸಿತು. ದರ್ಶನದ ಸತ್ಯಾಸತ್ಯತೆಯನ್ನು ಅದು ತೀರ್ಮಾನಿಸಲಿಲ್ಲ. ಭಕ್ತರು ಪುಣ್ಯಕ್ಷೇತ್ರವೆಂದು ಹೋಗುವ ಊರಿನಲ್ಲೇ ನಮ್ಮ ಕಡೆಯ ಆಟಗಾರನ ಹೆಸರೂ ಉಳಿದಿದೆ ಎಂಬುದು ನಮಗೆ ಸಂತೋಷ ಕೊಡುವ ಸಂಗತಿ.

1987ರ ನವೆಂಬರ್ 30

ಆ ವರ್ಷ ಆಗಮನ ಕಾಲ ನವೆಂಬರ್ 29ರ ಭಾನುವಾರ ಆರಂಭವಾಗಿತ್ತು. ಎಚ್ಚರವಾಗಿರಿ, ಯಾವ ಗಳಿಗೆಯಲ್ಲಿ ಒಡೆಯನು ಬರುತ್ತಾನೋ ತಿಳಿಯದು ಎಂದು ಧರ್ಮಸಭೆ ನೆನಪಿಸುವ ದಿನಗಳವು. ಮರುದಿನ, ಪ್ರೇಷಿತ ಸಂತ ಅಂದ್ರೆಯರ ಹಬ್ಬದಂದು, ಇಟಲಿಯ ರಸ್ತೆಯಲ್ಲಿ ನಡೆದ ಕಾರು ಅಪಘಾತದಲ್ಲಿ ಜಿಮ್ಮಿ ಜಾರ್ಜ್ ತೀರಿಕೊಂಡರು. ವಯಸ್ಸು 32. ಸೋಲ್‌ನ ಪದಕಕ್ಕೆ ಆಗಿನ್ನೂ ಒಂದು ವರ್ಷ, ಎರಡು ತಿಂಗಳು.

ಮೃತರ ತಿಂಗಳೆಂದು ನಾವು ಆಚರಿಸುವ ನವೆಂಬರಿನ ಕೊನೆಯ ದಿನ ಅದು. ತಿರುವನಂತಪುರದ ಒಳಾಂಗಣ ಕ್ರೀಡಾಂಗಣಕ್ಕೆ ಕೇರಳ ಅವರ ಹೆಸರಿಟ್ಟಿತು. ಮೊಂಟಿಕಿಯಾರಿಯೂ ತನ್ನ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟಿತು. ಹೊರದೇಶದಿಂದ ಬಂದು ಕೆಲವೇ ವರ್ಷ ಆಡಿಹೋದವರೊಬ್ಬರ ಹೆಸರನ್ನು ಒಂದು ಊರು ತನ್ನ ಕ್ರೀಡಾಂಗಣಕ್ಕೆ ಇಡಬೇಕಾದರೆ ಅಂಕಗಳ ಲೆಕ್ಕವಷ್ಟೇ ಸಾಲುವುದಿಲ್ಲ. ಆ ಜನ ಆತನನ್ನು ತಮ್ಮವನೆಂದು ಒಪ್ಪಿಕೊಂಡಿದ್ದರು.

ವಾಲಿಬಾಲ್ ಹುಟ್ಟಿದ ಬಗೆ

ಈ ಆಟದ ಮೂಲದಲ್ಲೂ ಕ್ರೈಸ್ತ ಯುವಜನರ ಕಾಳಜಿ ಇದೆ. 1895ರಲ್ಲಿ ಅಮೆರಿಕದ ಮಸಾಚುಸೆಟ್ಸ್‌ನ ಹೋಲಿಯೋಕ್ ಊರಿನ ವೈಎಂಸಿಎ, ಅಂದರೆ ಯುವ ಪುರುಷರ ಕ್ರೈಸ್ತ ಸಂಘದಲ್ಲಿ, ವ್ಯಾಯಾಮ ನಿರ್ದೇಶಕರಾಗಿದ್ದ ವಿಲಿಯಂ ಮಾರ್ಗನ್ ಇದನ್ನು ರೂಪಿಸಿದರು. ಬಾಸ್ಕೆಟ್‌ಬಾಲಿನ ನೂಕುನುಗ್ಗಲು ನಡುವಯಸ್ಸಿನವರಿಗೆ ಕಷ್ಟವೆಂದು ಕಂಡು, ಮೈಗೆ ಮೈ ತಾಗದ ಆಟವನ್ನು ಅವರು ಹುಡುಕಿದರು. ಮೊದಲು ‘ಮಿಂಟೊನೆಟ್’ ಎಂಬ ಹೆಸರಿತ್ತು. 1896ರಲ್ಲಿ ಅದು ವಾಲಿಬಾಲ್ ಆಯಿತು. ವೈಎಂಸಿಎ ಮೂಲಕವೇ ಆಟ ಭಾರತಕ್ಕೂ ಬಂತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಅವರು ಮದರಾಸಿನಲ್ಲಿ ಆರಂಭಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತ ಶಿಕ್ಷಕರು ದಕ್ಷಿಣ ಭಾರತದ ಶಾಲೆಗಳಿಗೆ ಆಟಗಳನ್ನು ಒಯ್ದರು. 1951ರಲ್ಲಿ ಭಾರತೀಯ ವಾಲಿಬಾಲ್ ಫೆಡರೇಶನ್ ರಚನೆಯಾಯಿತು.

ಎರಡು ಕಂಬ, ಒಂದು ನೆಟ್, ಒಂದು ಚೆಂಡು, ಹದಿನೆಂಟು ಮೀಟರ್ ಉದ್ದ ಒಂಬತ್ತು ಮೀಟರ್ ಅಗಲದ ಸಮತಟ್ಟು ನೆಲ. ಇಷ್ಟಿದ್ದರೆ ಆಟ ಶುರು. ಹುಲ್ಲುಹಾಸು ಬೇಡ, ನೀರು ಬೇಡ. ಹಾಗಾಗಿ ನಮ್ಮ ಮಳೆನಾಡಿನ ಗದ್ದೆಗೆ ಹೊಂದಿಕೊಂಡಷ್ಟೇ ಸುಲಭವಾಗಿ ಇದು ಬಳ್ಳಾರಿ ಧರ್ಮಪ್ರಾಂತ್ಯದ ಸೀಮೆಯಲ್ಲಿರುವ ಕೂಡ್ಲಿಗಿ, ಕೊಟ್ಟೂರು, ಹೊಸಹಳ್ಳಿಯಂಥ ಬಯಲುಸೀಮೆಯ ಊರುಗಳ ಒಣನೆಲಕ್ಕೂ ಹೊಂದುತ್ತದೆ. ಬಡ ಊರಿನ ಮಗುವಿಗೂ ಬಾಗಿಲು ತೆರೆದಿರುವ ಆಟ ಇದು.

ನಿಯಮಗಳಲ್ಲೂ ಒಂದು ಪಾಠವಿದೆ. ಚೆಂಡನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಒಬ್ಬರೇ ಸತತ ಎರಡು ಸಲ ಮುಟ್ಟುವಂತಿಲ್ಲ. ಮೂರು ಮುಟ್ಟುವಿಕೆಯೊಳಗೆ ಆಚೆ ಕಳಿಸಬೇಕು. ಎಷ್ಟೇ ದೊಡ್ಡ ಆಟಗಾರನಾದರೂ ಒಬ್ಬನೇ ಆಡಿ ಗೆಲ್ಲಲಾರ. ಜಿಮ್ಮಿಯ ಸ್ಮ್ಯಾಷ್‌ಗೆ ಚಪ್ಪಾಳೆ ಬಿದ್ದಾಗಲೆಲ್ಲ ಅದರ ಹಿಂದೆ ಮೊದಲ ಚೆಂಡನ್ನು ನೆಲಕ್ಕೆ ಬೀಳದಂತೆ ಎತ್ತಿದವನೊಬ್ಬ, ಹದವಾಗಿ ಮೇಲೆ ಕೊಟ್ಟ ಸೆಟ್ಟರ್ ಒಬ್ಬ ಇದ್ದೇ ಇದ್ದರು. ಒಂದೇ ದೇಹದ ಅನೇಕ ಅಂಗಗಳ ಕುರಿತು ಸಂತ ಪೌಲರು ಕೋರಿಂಥದವರಿಗೆ ಬರೆದದ್ದನ್ನು ಧರ್ಮೋಪದೇಶದ ಮಕ್ಕಳಿಗೆ ತಿಳಿಸಲು ಇದಕ್ಕಿಂತ ಸುಲಭ ಉದಾಹರಣೆ ಸಿಗಲಾರದು.

ಕ್ರೀಡೆಯ ಬಗ್ಗೆ ಧರ್ಮಸಭೆ ಹೇಳುವುದೇನು?

ಕೋರಿಂಥದ ಹತ್ತಿರ ಎರಡು ವರ್ಷಕ್ಕೊಮ್ಮೆ ಇಸ್ತ್‌ಮಿಯ ಎಂಬ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಅದನ್ನು ಬಲ್ಲ ಜನರಿಗೆ ಬರೆಯುವಾಗ ಸಂತ ಪೌಲರು ಓಟದ, ಮುಷ್ಟಿ ಕಾಳಗದ ಮಾತನ್ನು ತಂದರು (1 ಕೋರಿಂಥ 9:24–27). ಬಾಡುವ ಕಿರೀಟಕ್ಕಾಗಿ ಆಟಗಾರ ಇಷ್ಟೊಂದು ಸಂಯಮದಿಂದಿರುವಾಗ ಬಾಡದ ಕಿರೀಟಕ್ಕಾಗಿ ನಾವೆಷ್ಟು ಸಂಯಮ ತೋರಬೇಕು ಎಂಬುದು ಅವರ ವಾದ. ತಮ್ಮ ಬಾಳಿನ ಕೊನೆಯನ್ನು ತಿಮೊಥೆಯನಿಗೆ ತಿಳಿಸುವಾಗಲೂ ಅವರು ಓಟ ಮುಗಿಸಿದವನ ಚಿತ್ರವನ್ನೇ ಬಳಸಿದರು.

ಸಂತ ಎರಡನೆಯ ಜಾನ್ ಪೌಲರು ಬಾಲ್ಯದಲ್ಲಿ ಫುಟ್‌ಬಾಲ್ ಗೋಲಿ, ಮುಂದೆ ಹಿಮಜಾರಾಟ ಮತ್ತು ದೋಣಿ ನಡೆಸುವುದರಲ್ಲಿ ಪಳಗಿದವರು. ಮಹಾಜುಬಿಲಿಯ 2000ನೆಯ ವರ್ಷ ಅಕ್ಟೋಬರ್ 29ರಂದು ಅವರು ರೋಮಿನ ಒಲಿಂಪಿಕ್ ಕ್ರೀಡಾಂಗಣದಲ್ಲಿ ಕ್ರೀಡಾಪಟುಗಳಿಗಾಗಿ ಬಲಿಪೂಜೆ ಅರ್ಪಿಸಿದರು. 2004ರಲ್ಲಿ ವ್ಯಾಟಿಕನ್ನಿನಲ್ಲಿ ಧರ್ಮಸಭೆ ಮತ್ತು ಕ್ರೀಡೆಗಾಗಿ ಒಂದು ವಿಭಾಗವನ್ನೇ ತೆರೆದರು. 2018ರ ಜೂನ್ 1ರಂದು ವ್ಯಾಟಿಕನ್ ಕ್ರೀಡೆಯ ಕುರಿತೇ ಒಂದು ಪೂರ್ಣ ದಾಖಲೆಯನ್ನು ಹೊರತಂದಿತು. ನಮ್ಮಲ್ಲಿರುವ ಉತ್ತಮವಾದುದನ್ನು ಕೊಡುವುದು ಎಂಬ ಅರ್ಥದ ಶೀರ್ಷಿಕೆ ಅದರದು. ದೇಹವನ್ನು ಕೇವಲ ಯಂತ್ರದಂತೆ ದುಡಿಸುವುದು, ಉದ್ದೀಪನ ಮದ್ದು, ಭ್ರಷ್ಟಾಚಾರ, ಪ್ರೇಕ್ಷಕರ ದುರ್ವರ್ತನೆ ಎಂಬ ನಾಲ್ಕು ಅಪಾಯಗಳನ್ನು ಅದು ಎತ್ತಿ ತೋರಿಸುತ್ತದೆ.

2025ರ ಜೂನ್ 15ರಂದು, ಪವಿತ್ರ ತ್ರಿತ್ವದ ಹಬ್ಬದಲ್ಲಿ, ಪೋಪ್ ಹದಿನಾಲ್ಕನೆಯ ಲಿಯೋ ಅವರು ಕ್ರೀಡಾ ಜುಬಿಲಿಯ ಬಲಿಪೂಜೆ ಅರ್ಪಿಸಿದರು. ಇಟಲಿಯ ಪ್ರೇಕ್ಷಕರು ಆಟಗಾರರನ್ನು ಹುರಿದುಂಬಿಸಲು ‘ದಾಯ್’ ಎಂದು ಕೂಗುತ್ತಾರೆ. ಆ ಪದಕ್ಕೆ ‘ಕೊಡು’ ಎಂಬ ಅರ್ಥವೂ ಇದೆ. ತನ್ನನ್ನೇ ಕೊಡುವುದು ದೇವರ ಸ್ವಭಾವ, ಆಟಗಾರನೂ ತನ್ನನ್ನು ಕೊಡುವವನೇ ಎಂದು ಪೋಪ್ ಅವರು ಅಂದು ವಿವರಿಸಿದರು. ಇಟಲಿಯಲ್ಲಿ ಆಡಿದ ಜಿಮ್ಮಿಯ ಕಿವಿಗೆ ಆ ಕೂಗು ಎಷ್ಟು ಸಲ ಬಿದ್ದಿರಬೇಕು! ಅದೇ ವರ್ಷ ಸೆಪ್ಟೆಂಬರ್ 7ರಂದು, 24ನೆಯ ವಯಸ್ಸಿಗೇ ತೀರಿಕೊಂಡ ಪರ್ವತಾರೋಹಿ ಪಿಯೆರ್ ಜೊರ್ಜಿಯೊ ಫ್ರಸ್ಸಾತಿಯವರನ್ನು ಸಂತರೆಂದು ಘೋಷಿಸಲಾಯಿತು.

ಆಟಗಾರನ ವಿಶ್ವಾಸ ಎಲ್ಲಿ ಕಾಣುತ್ತದೆ?

ಅಂಕ ಬಂದಾಗ ಶಿಲುಬೆಯ ಗುರುತು ಹಾಕಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ವಿಶ್ವಾಸ ಪರೀಕ್ಷೆಗೆ ಒಳಗಾಗುವ ಜಾಗ ಬೇರೆ. ಎದುರಾಳಿಯ ಹೊಡೆತ ಹೊರಗೆ ಬಿತ್ತು. ಹೋಗುವಾಗ ನನ್ನ ಬೆರಳ ತುದಿಗೆ ತಾಗಿತ್ತು. ರೆಫ್ರಿ ನೋಡಲಿಲ್ಲ. ಗೊತ್ತಿರುವುದು ನನಗೂ ದೇವರಿಗೂ ಮಾತ್ರ. ಆಗ ಕೈ ಎತ್ತಿ ಒಪ್ಪಿಕೊಳ್ಳುತ್ತೇನೆಯೇ? 2023ರಲ್ಲಿ ಅಂತರರಾಷ್ಟ್ರೀಯ ವಾಲಿಬಾಲ್ ಫೆಡರೇಶನ್ ತನ್ನ ನೇಷನ್ಸ್ ಲೀಗ್‌ನಲ್ಲಿ ಹಾಗೆ ತಾನಾಗಿ ಒಪ್ಪಿಕೊಳ್ಳುವ ಆಟಗಾರನಿಗೆ ಹಸಿರು ಕಾರ್ಡ್ ತೋರಿಸಿ ಗೌರವಿಸುವ ಪದ್ಧತಿ ತಂದಿತು. ನಮ್ಮ ಪಾಪನಿವೇದನೆಯ ಸಂಸ್ಕಾರ ಕಲಿಸುವುದೂ ಇದನ್ನೇ. ಯಾರೂ ನೋಡದಿದ್ದರೂ ಸತ್ಯ ಸತ್ಯವೇ.

ಇನ್ನೊಂದು ಪರೀಕ್ಷೆ ಭಾನುವಾರದ್ದು. ಪಂದ್ಯಾಟಗಳು ಹೆಚ್ಚಾಗಿ ಭಾನುವಾರವೇ ನಡೆಯುತ್ತವೆ. ಬಲಿಪೂಜೆ ತಪ್ಪಿಸಿ ಆಡಲು ಹೋದ ಹುಡುಗನನ್ನು ಗದರಿಸುವುದು ಸುಲಭ. ದಾರಿ ತೋರಿಸುವುದು ನಮ್ಮ ಕೆಲಸ. ಭಾನುವಾರ ಬಲಿಪೂಜೆಯಲ್ಲಿ ಭಾಗವಹಿಸುವ ಕರ್ತವ್ಯವನ್ನು ಶನಿವಾರ ಸಂಜೆಯ ಬಲಿಪೂಜೆಯಲ್ಲೂ ಪೂರೈಸಬಹುದೆಂದು ಧರ್ಮಸಭೆಯ ಕಾನೂನು ಸಂಹಿತೆ (ಕಾನೂನು 1248) ಹೇಳುತ್ತದೆ. ನ್ಯಾಯವಾದ ಕಾರಣವಿದ್ದಾಗ ವಿಚಾರಣಾ ಗುರುಗಳು ವ್ಯಕ್ತಿಗಳಿಗೆ ವಿನಾಯಿತಿ ಕೊಡಬಹುದೆಂದು ಕಾನೂನು 1245 ತಿಳಿಸುತ್ತದೆ. ಚರ್ಚಿನ ಹೆಸರಿನಲ್ಲೇ ನಡೆಯುವ ಪಂದ್ಯಾಟವಾದರೆ ವೇಳಾಪಟ್ಟಿ ನಮ್ಮ ಕೈಯಲ್ಲೇ ಇದೆ. ಮೊದಲು ಬಲಿಪೂಜೆ, ನಂತರ ಟಾಸ್.

ನಮ್ಮ ಧರ್ಮಕೇಂದ್ರಗಳ ಗಮನಕ್ಕೆ

ಜಿಮ್ಮಿ ಜಾರ್ಜ್ ಒಬ್ಬ ಪ್ರತಿಭಾವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪ್ರತಿಭೆ ನೆಲ ಸಿಕ್ಕಾಗ ಮಾತ್ರ ಬೆಳೆಯುತ್ತದೆ. ಕಲಿಸುವ ತಂದೆ, ಜೊತೆಗೆ ಆಡುವ ಸಹೋದರರು, ಆಟಕ್ಕೆ ಬೆಲೆಕೊಟ್ಟ ಕಾಲೇಜು ಇವು ಮೂರೂ ಅವರಿಗೆ ಒದಗಿದವು. ಇವುಗಳಲ್ಲಿ ಒಂದಾದರೂ ಇಲ್ಲದ ಮಕ್ಕಳು ನಮ್ಮ ಪ್ರತಿ ವಾರ್ಡಿನಲ್ಲೂ ಇದ್ದಾರೆ. ಅವರಿಗೆ ಆ ಕೊರತೆಯನ್ನು ತುಂಬಬಲ್ಲದ್ದು ಧರ್ಮಕೇಂದ್ರ.

ಹಲವು ಕಡೆ ಚರ್ಚಿನ ಮೈದಾನ ಈಗ ವಾಹನ ನಿಲ್ಲಿಸುವ ಜಾಗವಾಗಿದೆ. ಕೆಲವು ಕಡೆ ವರ್ಷಕ್ಕೊಮ್ಮೆ ಪಂದ್ಯಾಟಕ್ಕೆ ಮಾತ್ರ ಗೇಟು ತೆರೆಯುತ್ತದೆ. ಆ ಒಂದು ರಾತ್ರಿಯ ದೀಪ, ಧ್ವನಿವರ್ಧಕ, ಟ್ರೋಫಿಗೆ ಆಗುವ ಖರ್ಚಿನಲ್ಲಿ ವರ್ಷವಿಡೀ ಸಾಲುವಷ್ಟು ಚೆಂಡು, ನೆಟ್ ಬರುತ್ತದೆ. ಪಂದ್ಯಾಟ ಬೇಡವೆಂದು ನಾವು ಹೇಳುತ್ತಿಲ್ಲ. ಸಂಜೆ ಐದರಿಂದ ಆರೂವರೆಯವರೆಗೆ ದಿನವೂ ಗೇಟು ತೆರೆದಿರಲಿ ಎಂದಷ್ಟೇ ಕೇಳುತ್ತಿದ್ದೇವೆ.

ಪಾಲನಾ ಪರಿಷತ್ತುಗಳು ಇವನ್ನು ಯೋಚಿಸಬಹುದು. ವಾರ್ಡಿನಲ್ಲಿ ಹಿಂದೆ ಕಾಲೇಜು ಮಟ್ಟದಲ್ಲಿ ಆಡಿದವರು ಯಾರಿದ್ದಾರೆಂದು ಗುರಿಕಾರರು ವಿಚಾರಿಸಲಿ. ವಾರಕ್ಕೆ ಎರಡು ಸಂಜೆ ಮಕ್ಕಳಿಗೆ ಕಲಿಸಲು ಅವರನ್ನು ಕರೆಯಲಿ. ಹೆಣ್ಣುಮಕ್ಕಳಿಗೂ ಸಮಯ ಮೀಸಲಿರಲಿ. ಅವರಿಗೆ ನೆಟ್ 2.24 ಮೀಟರಿಗೆ ಇಳಿಸಿ ಕಟ್ಟಿದರಾಯಿತು. ಊರಿನ ಇತರ ಧರ್ಮದ ಮಕ್ಕಳು ಬಂದರೆ ಸಂತೋಷದಿಂದ ಸೇರಿಸಿಕೊಳ್ಳಲಿ. ಪಂದ್ಯಾಟದ ದಿನ ಮದ್ಯ ಮತ್ತು ಬಾಜಿಗೆ ಅಂಗಳದ ಹತ್ತಿರವೂ ಅವಕಾಶವಿರಬಾರದು. ಚೆನ್ನಾಗಿ ಆಡುವ ಮಗು ಕಂಡರೆ ಓದು ಕೆಡುತ್ತದೆಂದು ಹೆದರುವ ಹೆತ್ತವರ ಜೊತೆ ಗುರುಗಳೇ ಒಮ್ಮೆ ಕೂತು ಮಾತಾಡಲಿ.

ಆಟದ ಬದುಕು ಚಿಕ್ಕದು. ಒಂದು ಗಾಯ, ಒಂದು ಅಪಘಾತ ಅದನ್ನು ಮುಗಿಸಿಬಿಡಬಹುದು. ಜಿಮ್ಮಿಗೆ ಸಿಕ್ಕಿದ್ದು ಮೂವತ್ತೆರಡೇ ವರ್ಷ. ಆ ವರ್ಷಗಳಲ್ಲಿ ಅವರು ದೇವರು ಕೊಟ್ಟ ತಲಾಂತನ್ನು ಮಣ್ಣಿನಲ್ಲಿ ಹೂತಿಡಲಿಲ್ಲ. ಬೆಟ್ಟದ ಊರಿನಿಂದ ಹೊರಟು, ಸಿಕ್ಕ ಪ್ರತಿ ಅಂಗಣದಲ್ಲೂ ತಮ್ಮಲ್ಲಿದ್ದುದನ್ನು ಕೊಟ್ಟರು.

ಮುಂದಿನ ನವೆಂಬರಿನಲ್ಲಿ ನಮ್ಮ ಸಮಾಧಿಭೂಮಿಗಳಲ್ಲಿ ಮೇಣದಬತ್ತಿ ಹಚ್ಚುವಾಗ ಈ ಆಟಗಾರನನ್ನೂ ಪ್ರಾರ್ಥನೆಯಲ್ಲಿ ನೆನೆಯೋಣ. ಮರಳುವಾಗ ಚರ್ಚಿನ ಮೈದಾನದ ಗೇಟಿಗೆ ಬೀಗ ಬಿದ್ದಿದ್ದರೆ ಅದನ್ನೂ ಒಮ್ಮೆ ವಿಚಾರಿಸೋಣ.